ಏರಿನಲ್ಲಷ್ಟೇ ಕುದಿಯುತ್ತಿದ್ದ ಕಾರು: ಸಂಪಾಜೆ ಘಾಟಿಯ ಒಂದು ಪ್ರಕರಣ

ಕಾಫಿ ಕೊಯ್ಲು ಮುಗಿದು ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ದಿನಗಳಲ್ಲಿ, ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಮಡಿಕೇರಿಯಲ್ಲಿರುವ ನನ್ನ ವರ್ಕ್‌ಶಾಪಿಗೆ ತಮ್ಮ ಕಾರನ್ನೂ ಅದರ ಜೊತೆಗೆ ಒಂದು ಅಂದಾಜು ಪಟ್ಟಿಯನ್ನೂ ತಂದರು. ಪಟ್ಟಿ ಬೇರೊಂದು ಊರಿನ ವರ್ಕ್‌ಶಾಪಿನದು. ಹೆಡ್ ಗ್ಯಾಸ್ಕೆಟ್ (ಎಂಜಿನಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಬಿಗಿಪದರ) ಹೋಗಿದೆ, ಹೆಡ್ ಇಳಿಸಿ ಮಟ್ಟ ಮಾಡಿಸಬೇಕು, ವಾಲ್ವ್ ಸೀಲು, ಟೈಮಿಂಗ್ ಕಿಟ್ಟು ಎಲ್ಲವನ್ನೂ ಬದಲಿಸಬೇಕು ಎಂದು ಅದರಲ್ಲಿ ಬರೆದಿತ್ತು. ಕಾರಿನ ಮಾರುಕಟ್ಟೆ ಬೆಲೆಯ ಜೊತೆ ಹೋಲಿಸಿದರೆ ಖರ್ಚು ಸಣ್ಣದಾಗಿರಲಿಲ್ಲ. ಮಾಡಿಸುವುದೋ ಮಾರುವುದೋ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಪಟ್ಟಿಯನ್ನು ಮಡಚಿಟ್ಟು, ಕಾರು ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಹೇಳಿ ಎಂದೆ.

ಅದು ಹನ್ನೊಂದು ವರ್ಷದ, ಸಾವಿರದ ಇನ್ನೂರು ಸಿಸಿಯ ಪೆಟ್ರೋಲ್ ಕಾರು. ತಾಯಿಯ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುತ್ತಿದ್ದ ಅವರಿಗೆ, ಸುಳ್ಯ ದಾಟಿ ಸಂಪಾಜೆಯವರೆಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಕೊಯನಾಡು ಕಳೆದು ಜೋಡುಪಾಲದ ಏರು ಹತ್ತುವಾಗ, ಅಲ್ಲಿಯವರೆಗೆ ನಡು ದಾಟದಿರುತ್ತಿದ್ದ ಉಷ್ಣತೆಯ ಸೂಜಿ ಎರಡೇ ನಿಮಿಷದಲ್ಲಿ ಕೆಂಪು ಗೆರೆ ಮುಟ್ಟುತ್ತಿತ್ತು. ಕುಶಾಲನಗರ ದಾಟಿ ಮೈಸೂರಿನ ದಾರಿಯಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದರೂ ಏನೂ ಆಗುತ್ತಿರಲಿಲ್ಲ. ಮೈಸೂರಿನ ಸಂಜೆಯ ಜನಜಂಗುಳಿಯಲ್ಲಿ ಅರ್ಧ ಗಂಟೆ ನಿಂತರೂ ಏನೂ ಆಗುತ್ತಿರಲಿಲ್ಲ. ಏರಿನಲ್ಲಿ ಬಿಸಿಯಾದಾಗ ಯಾರೋ ಹೇಳಿಕೊಟ್ಟಂತೆ ಹೀಟರ್ ಹಾಕಿ ನೋಡಿದ್ದರಂತೆ. ಅದರಿಂದ ಬಂದದ್ದು ತಣ್ಣನೆಯ ಗಾಳಿ.

ಈ ಕೊನೆಯ ಮಾತನ್ನು ಅವರು ಬೀಳ್ಕೊಳ್ಳುವಾಗ ನೆನಪಿಸಿಕೊಂಡವರಂತೆ ಹೇಳಿದರು. ನನಗೆ ಅದೇ ಮುಖ್ಯವೆನಿಸಿತು. ಎಂಜಿನ್ ಕುದಿಯುತ್ತಿರುವಾಗ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ, ಸಾಮಾನ್ಯವಾಗಿ ಹೀಟರಿನ ಕೊಳವೆಯಲ್ಲಿ ನೀರು ಹರಿಯುತ್ತಿಲ್ಲ ಎಂದು ಅರ್ಥ. ಒಂದೋ ವ್ಯವಸ್ಥೆಯಲ್ಲಿ ನೀರು ಕಡಿಮೆಯಾಗಿ ಗಾಳಿ ಸೇರಿಕೊಂಡಿದೆ, ಇಲ್ಲವೇ ಪಂಪು ತಳ್ಳುತ್ತಿಲ್ಲ, ಇಲ್ಲವೇ ಕೊಳವೆಯೇ ಕಟ್ಟಿದೆ. ಸೂಜಿಯ ಸಾಕ್ಷಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗಿನ ಬಹುಪಾಲು ಕಾರುಗಳಲ್ಲಿ ಉಷ್ಣತೆ ಎಂಬತ್ತರ ಆಸುಪಾಸಿನಿಂದ ನೂರು ದಾಟುವವರೆಗೂ ಸೂಜಿ ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ಹೊಂದಿಸಿರುತ್ತಾರೆ. ಅದು ಅಲುಗಾಡುವ ಹೊತ್ತಿಗೆ ಹೇಳಬೇಕಾದ ಸಮಯ ಮೀರಿರುತ್ತದೆ. ನೀರು ಸೆನ್ಸರಿಗಿಂತ ಕೆಳಗಿಳಿದರಂತೂ ಸೆನ್ಸರ್ ಬರಿಯ ಆವಿಯಲ್ಲಿ ಉಳಿದು, ನಿಜಕ್ಕಿಂತ ಕಡಿಮೆ ಲೆಕ್ಕ ಕೊಡಬಹುದು.

ಅದುವರೆಗೆ ಆಗಿದ್ದ ರಿಪೇರಿಗಳನ್ನು ಕೇಳಿ ತಿಳಿಯಲು ಒಂದು ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು. ಎರಡು ವರ್ಷದ ಹಿಂದೆ ಸುಳ್ಯದ ಬಳಿ ಸಣ್ಣದಾಗಿ ಸೋರಿದಾಗ, ಜೊತೆಗಿದ್ದ ಚಾಲಕ ಅಂಗಡಿಯಿಂದ ಎರಡು ಪೊಟ್ಟಣ ಅರಿಶಿನ ಪುಡಿ ತಂದು ರೇಡಿಯೇಟರಿಗೆ ಸುರಿದಿದ್ದ. ಸೋರಿಕೆ ನಿಂತಿತ್ತು. ಆಮೇಲೆ ಬೇಕಾದಾಗಲೆಲ್ಲ ದಾರಿಬದಿಯ ತೊರೆಯ ನೀರನ್ನೇ ತುಂಬಿಸಿದ್ದರು. ಹಿಂದಿನ ವರ್ಷ ಒಬ್ಬ ಮೆಕ್ಯಾನಿಕ್, ನೀರು ಸರಾಗವಾಗಿ ಹರಿಯಲಿ ಎಂದು, ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದ್ದ. ರೇಡಿಯೇಟರ್ ಕ್ಯಾಪ್ ಕೂಡ ಹೊಸದು. ಆದರೆ ಹಳೆಯದರ ಮೇಲೆ, ಅದು ಹಿಡಿಯುವ ಒತ್ತಡದ ಲೆಕ್ಕದಲ್ಲಿ, 1.1 ಎಂದಿದ್ದರೆ ಇದರ ಮೇಲೆ 0.9 ಎಂದಿತ್ತು.

ಏರು ಎಂಜಿನಿನಿಂದ ಕೇಳುವುದೇನು

ಘಾಟಿಯಲ್ಲಿ ಮಾತ್ರ ದೋಷ ಏಕೆ ಕಾಣುತ್ತದೆ ಎಂಬುದಕ್ಕೆ ಲೆಕ್ಕ ಸುಲಭ. ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ರಸ್ತೆ ಸುಮಾರು ಸಾವಿರ ಮೀಟರ್ ಮೇಲೇರುತ್ತದೆ. ನಾಲ್ಕು ಜನರನ್ನು ಹೊತ್ತ ಸಣ್ಣ ಕಾರಿನ ತೂಕ 1,250 ಕೆ.ಜಿ. ಎಂದಿಟ್ಟುಕೊಂಡರೆ, ಅದನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವ ಕೆಲಸವೇ ಸುಮಾರು 12 ಮೆಗಾಜೂಲ್. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಹೆಚ್ಚೂಕಡಿಮೆ ಕಾಲು ಭಾಗವನ್ನು ಚಕ್ರಕ್ಕೆ ಕೊಟ್ಟು, ಉಳಿದುದನ್ನು ಸೈಲೆನ್ಸರಿನ ಹೊಗೆಯಲ್ಲೂ ಕೂಲಂಟಿನಲ್ಲೂ (ಎಂಜಿನನ್ನು ತಣಿಸುವ ದ್ರವ) ಬಿಟ್ಟುಬಿಡುತ್ತದೆ. ಕೂಲಂಟಿಗೆ ಹೋಗುವ ಪಾಲೂ ಹೆಚ್ಚೂಕಡಿಮೆ ಕಾಲು ಭಾಗವೇ. ಆದ್ದರಿಂದ ಚಕ್ರಕ್ಕೆ ಸಿಕ್ಕಷ್ಟೇ ಶಾಖವನ್ನು, ಅಂದರೆ ಬಚ್ಚಲ ಹಂಡೆಯ ಮೂವತ್ತೈದು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟನ್ನು, ರೇಡಿಯೇಟರ್ ಈ ಏರಿನ ಪಾಲಿಗೆ ಹೆಚ್ಚುವರಿಯಾಗಿ ಹೊರಹಾಕಬೇಕು. ಅದೂ ಎರಡನೇ ಗೇರಿನಲ್ಲಿ, ಮುಂದಿನಿಂದ ಗಾಳಿ ನುಗ್ಗದ ಮಂದ ವೇಗದಲ್ಲಿ. ಬಯಲಿನ ದಾರಿಯಲ್ಲಿ ಅರ್ಧ ಕಟ್ಟಿದ ರೇಡಿಯೇಟರೂ ಕೆಲಸ ನಡೆಸಿಕೊಂಡು ಹೋಗುತ್ತದೆ. ಏರಿನಲ್ಲಿ ನಡೆಯುವುದಿಲ್ಲ.

ಎತ್ತರವೂ ಇಲ್ಲಿ ತನ್ನ ಕೈ ಆಡಿಸುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. 1.1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಸರಿಯಾಗಿದ್ದರೆ ಅದೇ ನೀರು 120ರವರೆಗೆ ಕುದಿಯದೆ ತಡೆಯುತ್ತದೆ. ಎಲ್ಲೋ ಒಂದು ಕಡೆ ಒತ್ತಡ ಸೋರಿಹೋಯಿತೆಂದರೆ, ಎಂಜಿನಿಗೆ ಸಹಜವೇ ಆದ 97–98 ಡಿಗ್ರಿಯಲ್ಲೇ ಬರಿಯ ನೀರು ಕುದಿಯತೊಡಗುತ್ತದೆ. ಕರಾವಳಿಯಲ್ಲಿ ಹೇಗೋ ಮುಚ್ಚಿಹೋಗುವ ಸೋರಿಕೆ ಕೊಡಗಿನಲ್ಲಿ ಬಯಲಾಗಲು ಈ ನಾಲ್ಕು ಡಿಗ್ರಿ ಸಾಕು.

ತಣ್ಣಗಿರುವಾಗ ಕಂಡದ್ದು

ಕಾರನ್ನು ರಾತ್ರಿ ನನ್ನಲ್ಲಿಯೇ ಇರಿಸಿಕೊಂಡು ಬೆಳಿಗ್ಗೆ ಕ್ಯಾಪ್ ತೆಗೆದೆ. ಬಿಸಿ ಎಂಜಿನಿನ ಕ್ಯಾಪ್ ತೆಗೆಯಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಮಾತಾದರೂ, ಮುಂಗೈ ಸುಟ್ಟುಕೊಂಡವರು ವರ್ಷಕ್ಕೆ ಇಬ್ಬರಾದರೂ ನನ್ನ ಕಣ್ಣಿಗೆ ಬೀಳುತ್ತಾರೆ. ರೇಡಿಯೇಟರಿನಲ್ಲಿ ನೀರು ಬಾಯಿಯಿಂದ ಎರಡು ಬೆರಳು ಕೆಳಗಿತ್ತು. ಪಕ್ಕದ ಬಾಟಲಿಯಲ್ಲಿ ಮಾತ್ರ ಗುರುತಿಗಿಂತ ಮೇಲಿತ್ತು. ಬಿಸಿಯಾದಾಗ ಬಾಟಲಿಗೆ ಹೋದ ನೀರು ತಣಿದಾಗ ಮರಳಿ ಬರಬೇಕು. ಬರುತ್ತಿರಲಿಲ್ಲ. ಎಲ್ಲಿಂದಲೋ ಗಾಳಿ ಒಳಬರುತ್ತಿದ್ದುದರಿಂದ ನೀರನ್ನು ಎಳೆಯುವ ಅಗತ್ಯವೇ ವ್ಯವಸ್ಥೆಗೆ ಬೀಳುತ್ತಿರಲಿಲ್ಲ. ನೀರಿನ ಬಣ್ಣ ಹಳೆಯ ಬೆಲ್ಲದ ಕಾಫಿಯದು. ಎರಡು ಬೆರಳ ನಡುವೆ ಉಜ್ಜಿದರೆ ನಯವಾದ ಕಸ ಸಿಗುತ್ತಿತ್ತು. ನೀರಿನಲ್ಲಿ ಕೂಲಂಟ್ ಎಷ್ಟಿದೆ ಎಂದು ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದರೆ ಗೆರೆ ಬರಿಯ ನೀರಿನ ಹತ್ತಿರವೇ ನಿಂತಿತು. ಕೂಲಂಟಿನ ಮುಖ್ಯ ಅಂಶವಾದ ಗ್ಲೈಕಾಲ್ ಇರಲಿಲ್ಲ, ಆದ್ದರಿಂದ ಅದರೊಡನೆ ಬರುವ, ತುಕ್ಕನ್ನು ತಡೆಯುವ ಅಂಶವೂ ಇರಲಿಲ್ಲ.

ಎಂಜಿನ್ ಶುರು ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಎದ್ದವು. ಒಂದು ಕ್ಷಣ ಆ ಅಂದಾಜು ಪಟ್ಟಿಯೇ ಸರಿಯಿರಬಹುದು ಎಂದು ನನಗೂ ಅನ್ನಿಸಿತೆಂಬುದನ್ನು ಒಪ್ಪಿಕೊಳ್ಳಬೇಕು. ಗ್ಯಾಸ್ಕೆಟ್ ಒಡೆದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ ಹೀಗೆಯೇ ಗುಳ್ಳೆ ಏಳುತ್ತವೆ. ಆದರೆ ನೀರು ಕಡಿಮೆಯಿರುವ ಎಂಜಿನಿನಲ್ಲಿ ಸಿಕ್ಕಿಕೊಂಡ ಗಾಳಿಯೂ ಹೊರಬರುವಾಗ ಗುಳ್ಳೆಯಾಗಿಯೇ ಬರುತ್ತದೆ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ತಾಳ್ಮೆ ಬೇಕು. ಗ್ಯಾಸ್ಕೆಟಿನ ಗುಳ್ಳೆ ನಿಲ್ಲುವುದಿಲ್ಲ, ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚುತ್ತದೆ. ಇಲ್ಲಿ ನೀರನ್ನು ಭರ್ತಿ ಮಾಡುತ್ತಾ ಹೋದಂತೆ ಆರೇಳು ನಿಮಿಷದಲ್ಲಿ ಗುಳ್ಳೆ ನಿಂತುಹೋಯಿತು. ಹಿಂದಿನ ವರ್ಕ್‌ಶಾಪಿನವರು ಮೊದಲ ನಿಮಿಷದ ಗುಳ್ಳೆಯನ್ನೇ ನೋಡಿ ತೀರ್ಪು ಬರೆದಿರಬೇಕು.

ಆದರೂ ಊಹೆಯ ಮೇಲೆ ಬಿಡದೆ ನೀಲಿ ದ್ರವದ ಪರೀಕ್ಷೆ ಮಾಡಿದೆ. ಬ್ರೋಮೋಥೈಮಾಲ್ ಬ್ಲೂ ಬೆರೆತ ದ್ರವವಿರುವ ಗಾಜಿನ ನಳಿಕೆಯನ್ನು ರೇಡಿಯೇಟರಿನ ಬಾಯಿಗೆ ಒತ್ತಿ ಹಿಡಿದು, ನೀರಿನ ಮೇಲಿನ ಆವಿಯನ್ನು ಅದರ ಮೂಲಕ ಎಳೆಯಬೇಕು. ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ತಗುಲಿದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ನಳಿಕೆಗೆ ನೀರೇ ನುಗ್ಗಿದರೆ ಪರೀಕ್ಷೆ ಕೆಡುವುದರಿಂದ ಮಟ್ಟವನ್ನು ಸ್ವಲ್ಪ ಇಳಿಸಿಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡು ಬಾರಿ ಮಾಡಿದೆ. ಎರಡು ಬಾರಿಯೂ ನೀಲಿ ನೀಲಿಯಾಗಿಯೇ ಉಳಿಯಿತು. ಎಣ್ಣೆಯ ಕಡ್ಡಿಯಲ್ಲಿ ಹಾಲಿನ ಕೆನೆಯಂಥ ಬಿಳುಪು ಇರಲಿಲ್ಲ, ಸೈಲೆನ್ಸರಿನಲ್ಲಿ ಸಿಹಿವಾಸನೆಯ ಬಿಳಿ ಹೊಗೆಯೂ ಇರಲಿಲ್ಲ. ಅಲ್ಲಿಗೆ ಹೆಡ್ಡಿನ ಮಾತನ್ನು ಪಕ್ಕಕ್ಕಿಟ್ಟೆ.

ಕ್ಯಾಪಿನ ಜಾಗದಲ್ಲಿ ಕೈಪಂಪು ಕೂರಿಸಿ 1.1 ಬಾರ್ ಒತ್ತಡ ಕೊಟ್ಟಾಗ ಮುಳ್ಳು ಕಾಲು ಗಂಟೆಯಲ್ಲಿ ನಿಧಾನವಾಗಿ 0.9ಕ್ಕೆ ಇಳಿಯಿತು. ನೆಲದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಟಾರ್ಚ್ ಹಿಡಿದು ಹುಡುಕಿದಾಗ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯುಮಿನಿಯಂ ಭಾಗವೂ ಸೇರುವ ಮಡಿಕೆಯ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆಯೊಂದು ಕೆಳಮುಖವಾಗಿ ಒಣಗಿರುವುದು ಕಂಡಿತು. ಬಿಸಿಯಲ್ಲಿ ಒತ್ತಡ ಏರಿದಾಗಷ್ಟೇ ಅಲ್ಲಿ ನೀರು ಒಸರಿ, ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆಯೋ ಗೊತ್ತಾಗುವುದಿಲ್ಲ ಎಂದು ಬೆಳೆಗಾರರು ಹೇಳಿದ್ದರ ರಹಸ್ಯ ಇದು.

ಸೋರಿಕೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೊಯನಾಡಿನಿಂದ ಜೋಡುಪಾಲದವರೆಗಿನ ಅಷ್ಟು ಕಡಿಮೆ ಹೊತ್ತಿನಲ್ಲಿ ಕೆಂಪು ಗೆರೆ ಮುಟ್ಟುವುದಕ್ಕೆ ಇಷ್ಟು ಸಣ್ಣ ಒಸರು ಸಾಲದು ಎನ್ನಿಸಿತು. ಫ್ಯಾನ್ ಸರಿಯಾಗಿತ್ತು. ಎಂಜಿನಿನ ಸೆನ್ಸರಿನ ಲೆಕ್ಕವನ್ನು ನೇರವಾಗಿ ತೋರಿಸುವ ಸ್ಕ್ಯಾನರಿನಲ್ಲಿ, ಫ್ಯಾನ್ 96 ಡಿಗ್ರಿಗೆ ಹತ್ತಿ 91ಕ್ಕೆ ಆರುತ್ತಿದ್ದುದನ್ನು ಮೂರು ಬಾರಿ ನೋಡಿದೆ. ಫ್ಯಾನ್ ಕೆಟ್ಟಿದ್ದರೆ ಮೈಸೂರಿನ ಜಂಗುಳಿಯಲ್ಲೇ ಕಾರು ನಿಲ್ಲಬೇಕಿತ್ತು. ಉಳಿದದ್ದು ಹರಿವಿನ ಪ್ರಶ್ನೆ.

ಇಲ್ಲಿ ಥರ್ಮೋಸ್ಟಾಟ್ ಇಲ್ಲದ್ದು ನನಗೆ ಅನುಕೂಲವೇ ಆಯಿತು. ಅದು ಇದ್ದಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ರೇಡಿಯೇಟರಿನಲ್ಲಿ ನೀರು ಹರಿಯುತ್ತಿರಲಿಲ್ಲ. ಈಗ ಉಗುರುಬೆಚ್ಚಗಿನ ಎಂಜಿನಿನಲ್ಲೇ, ಕ್ಯಾಪ್ ತೆರೆದಿಟ್ಟು, ಹರಿವನ್ನು ನೋಡಬಹುದಿತ್ತು. ವರ್ಕ್‌ಶಾಪಿನ ಹುಡುಗನಿಗೆ ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ ಮೂರು ಸಾವಿರ ಸುತ್ತಿಗೆ ಹಿಡಿಯಲು ಹೇಳಿ ನಾನು, ರೇಡಿಯೇಟರಿನಿಂದ ಪಂಪಿಗೆ ನೀರು ಒಯ್ಯುವ ಕೆಳಗಿನ ಹೋಸಿನ ಮೇಲೆ ಬೆರಳಿಟ್ಟೆ. ಸುತ್ತು ಏರುತ್ತಿದ್ದಂತೆ ಹೋಸ್ ಬೆರಳ ಕೆಳಗೇ ಕುಗ್ಗಿತು. ಮೊದಲು ಅಂಡಾಕಾರವಾಗಿ, ಆಮೇಲೆ ಎರಡು ಗೋಡೆಗಳೂ ಒಂದಕ್ಕೊಂದು ತಾಗಿ, ತುಳಿದ ಬಾಳೆಯ ದಿಂಡಿನಂತೆ ಚಪ್ಪಟೆಯಾಯಿತು. ಕಾಲು ತೆಗೆದಾಗ ಪುಸಕ್ಕನೆ ಉಬ್ಬಿ ದುಂಡಗಾಯಿತು. ಪಂಪು ಎಳೆಯುತ್ತಿದೆ, ಆದರೆ ರೇಡಿಯೇಟರಿನ ಒಳಗಿನಿಂದ ಅದಕ್ಕೆ ನೀರು ಸಿಗುತ್ತಿಲ್ಲ. ತಣಿದಾಗ ಬಾಟಲಿಯ ನೀರನ್ನು ಒಳಬಿಡುವ ಕ್ಯಾಪಿನ ವಾಲ್ವ್ ಅಂಟಿಕೊಂಡರೂ ಹೋಸ್ ಹೀಗೆ ಕುಗ್ಗುವುದುಂಟು. ಕ್ಯಾಪ್ ತೆರೆದೇ ಇದ್ದುದರಿಂದ ಆ ಅನುಮಾನಕ್ಕೆ ಎಡೆಯಿರಲಿಲ್ಲ. ವಯಸ್ಸಾದ ರಬ್ಬರ್ ಮೆದುವಾಗಿದ್ದುದೂ ನಿಜ. ಆದರೆ ಹೊಸ ಹೋಸ್ ಹಾಕಿದ್ದರೆ ಈ ಲಕ್ಷಣ ಮರೆಯಾಗುತ್ತಿತ್ತೇ ಹೊರತು ತಡೆ ತೆರೆಯುತ್ತಿರಲಿಲ್ಲ.

ಖಚಿತಪಡಿಸಿಕೊಳ್ಳಲು ಉಷ್ಣತೆಯನ್ನು ಅಳೆದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಉಪಕರಣ ಹೊಳೆಯುವ ಅಲ್ಯುಮಿನಿಯಂ ಮೇಲೆ ತಪ್ಪು ಲೆಕ್ಕ ಕೊಡುವುದರಿಂದ, ರೇಡಿಯೇಟರಿನ ಎಂಜಿನ್ ಕಡೆಯ ಮುಖದಲ್ಲಿ ಕೈಗೆಟುಕಿದಲ್ಲೆಲ್ಲ ಕಪ್ಪು ಟೇಪಿನ ತುಂಡುಗಳನ್ನು ಅಂಟಿಸಿ ಅವುಗಳ ಮೇಲೆ ಹಿಡಿದೆ. ಮೇಲ್ಭಾಗದಲ್ಲಿ 90ರ ಆಸುಪಾಸು ಇತ್ತು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಡ್ಡಪಟ್ಟಿಗಳಾಗಿ 45ರಿಂದ 50 ಇತ್ತು. ಅಡ್ಡ ಕೊಳವೆಗಳ ರೇಡಿಯೇಟರ್ ಅದು. ತಣ್ಣನೆಯ ಪಟ್ಟಿ ಎಂದರೆ ನೀರು ಹರಿಯದ ಕೊಳವೆಗಳ ಸಾಲು.

ಕೊನೆಗೆ ನಾಲ್ಕು ಜನರನ್ನು ಕೂರಿಸಿ, ಎಸಿ ಹಾಕಿ, ಮದೆನಾಡಿನವರೆಗೆ ಇಳಿದು ಮರಳಿ ಹತ್ತಿದೆ. ಇಳಿಯುವಾಗ ಸ್ಕ್ಯಾನರಿನಲ್ಲಿ 68 ಡಿಗ್ರಿ. ಹತ್ತುವಾಗ ಹನ್ನೆರಡು ನಿಮಿಷದಲ್ಲಿ 108. ಅಲ್ಲಿಗೆ ಬದಿಗೆ ನಿಲ್ಲಿಸಿ ಎಂಜಿನ್ ತಣಿಸಿದೆ. ಸೂಜಿ ಆಗಷ್ಟೇ ನಡುವಿನಿಂದ ಅಲುಗತೊಡಗಿತ್ತು.

ಬಿಚ್ಚಿದಾಗ

ರೇಡಿಯೇಟರನ್ನು ಹೊರತೆಗೆದಾಗ ಮೊದಲು ಕಂಡದ್ದು ನಾನು ನಿರೀಕ್ಷಿಸದ ಸಂಗತಿ. ಮುಂದಿನಿಂದ ನೋಡಿದರೆ ಎಸಿಯ ಕಂಡೆನ್ಸರ್ ತೊಳೆದಿಟ್ಟಂತೆ ಚೊಕ್ಕಟವಾಗಿತ್ತು. ಅದಕ್ಕೂ ರೇಡಿಯೇಟರಿಗೂ ನಡುವಿನ ಎರಡು ಬೆರಳಿನ ಸಂದಿಯಲ್ಲಿ ಮಳೆಗಾಲದ ಕೆಸರು, ಸಿಲ್ವರ್ ಓಕಿನ ಎಲೆಯ ಚೂರು, ಹಾತೆಯ ರೆಕ್ಕೆ ಎಲ್ಲವೂ ಒತ್ತಿ ಸೇರಿ ಕಂಬಳಿಯಂಥ ಒಂದು ಪದರವಾಗಿತ್ತು. ಒಂದು ಮೂಲೆ ಹಿಡಿದು ಎಳೆದರೆ ಅಂಗೈಯಗಲದ ತುಂಡು ಇಡಿಯಾಗಿ ಕೈಗೆ ಬಂತು. ತೋಟದ ದಾರಿಯಲ್ಲಿ ದಿನವೂ ಓಡುವ ಕಾರುಗಳನ್ನು ಮುಂದಿನಿಂದ ನೀರು ಹಾಯಿಸಿ ತೊಳೆದರೆ ಈ ಕಸ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದಲ್ಲಿ ತೊಳೆಯಬೇಕು.

ಒಳಗಿನದನ್ನು ನೋಡಲೆಂದು ತೊಟ್ಟಿಯ ಮಡಿಕೆಯನ್ನು ಬಿಡಿಸಿದೆ. ಚಪ್ಪಟೆ ಕೊಳವೆಗಳ ಒಳಗಿನ ಸಂದಿ ಒಂದೆರಡು ಮಿಲಿಮೀಟರ್ ಮಾತ್ರ. ಕೆಳಗಿನ ಸಾಲುಗಳ ಬಾಯಿಗಳಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ ಲೇಪ ಗಟ್ಟಿಯಾಗಿ ಕೂತಿತ್ತು. ಉಗುರಿನಲ್ಲಿ ಕೆರೆದು ಬಿಳಿ ಬಟ್ಟೆಗೆ ಒರೆಸಿದಾಗ ಬಂದ ಬಣ್ಣವನ್ನು ಯಾವ ಅಡುಗೆಮನೆಯಲ್ಲಿ ತೋರಿಸಿದರೂ ಗುರುತಿಸುತ್ತಿದ್ದರು. ಅರಿಶಿನದ ಪುಡಿ ಬಿಸಿನೀರಿನಲ್ಲಿ ಉಬ್ಬಿ ಸಣ್ಣ ರಂಧ್ರಕ್ಕೆ ಅಂಟಿಕೊಳ್ಳುತ್ತದೆ ಎಂಬುದು ನಿಜ. ನಡುರಾತ್ರಿ ನಡುದಾರಿಯಲ್ಲಿ ಅದು ಮನೆ ಸೇರಿಸುತ್ತದೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಸೋರುವ ರಂಧ್ರ ಯಾವುದು, ಹರಿಯಬೇಕಾದ ಕೊಳವೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಮರುವಾರವೇ ಎಲ್ಲವನ್ನೂ ಹೊರಚೆಲ್ಲಿ ತೊಳೆದಿದ್ದರೆ ಇಷ್ಟಾಗುತ್ತಿರಲಿಲ್ಲ. ಎರಡು ವರ್ಷ ಅದರ ಮೇಲೆ ಎಂಜಿನಿನ ತುಕ್ಕು ಬಂದು ಕೂತಿತ್ತು.

ಥರ್ಮೋಸ್ಟಾಟ್ ಕಿತ್ತದ್ದು ಇದಕ್ಕೆ ಇನ್ನೊಂದು ಪದರ ಸೇರಿಸಿತ್ತು. ಈ ಎಂಜಿನಿನಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವಾಗ ತನ್ನ ಇನ್ನೊಂದು ತುದಿಯಿಂದ, ನೀರು ರೇಡಿಯೇಟರಿಗೆ ಹೋಗದೆ ಎಂಜಿನಿಗೇ ಮರಳುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ರೇಡಿಯೇಟರಿನಲ್ಲಿ ತಡೆ ಇದ್ದಾಗ ನೀರು ಸುಲಭದ ದಾರಿಯನ್ನೇ ಹಿಡಿದು, ತಣಿಯದೆ ಎಂಜಿನಿಗೇ ಮರಳುತ್ತದೆ. ಬಯಲಿನಲ್ಲಿ 70 ಡಿಗ್ರಿಯೂ ಮುಟ್ಟದೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದ್ದ ಅದೇ ಎಂಜಿನ್ ಏರಿನಲ್ಲಿ 108 ದಾಟುತ್ತಿದ್ದುದು ಹೀಗೆ. ಸೂಜಿ ಕೆಳಗೇ ಇರುವುದನ್ನು ನೋಡಿ, ಕಿತ್ತ ಮೇಲೆ ಗಾಡಿ ತಣ್ಣಗಿದೆ ಎಂದು ಮಾಲೀಕರು ನಂಬಿದ್ದರು.

ದುರಸ್ತಿ

ಹಿಂದೆ ಕೊಡಗಿನ ಜೀಪುಗಳಲ್ಲಿದ್ದ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳ ಬೆಸುಗೆ ಬಿಡಿಸಿ, ಕೊಳವೆಗಳಿಗೆ ಕಡ್ಡಿ ಹಾಯಿಸಿ, ಮತ್ತೆ ಬೆಸೆಯುವ ಕುಶಲಿಗಳಿದ್ದರು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯುಮಿನಿಯಂ ರೇಡಿಯೇಟರಿಗೆ ಆ ವಿದ್ಯೆ ಒಗ್ಗುವುದಿಲ್ಲ. ಹೊಸದನ್ನೇ ಹಾಕಿದೆ. ಕೆಳಗಿನ ಹೋಸ್, ಮೇಲಿನ ಹೋಸ್, 1.1 ಬಾರಿನ ಕ್ಯಾಪ್, ಥರ್ಮೋಸ್ಟಾಟ್ ಇಷ್ಟನ್ನು ಬದಲಿಸಿದೆ. ಪಂಪನ್ನು ಬಿಚ್ಚಿ ನೋಡಿದಾಗ ರೆಕ್ಕೆಗಳು ಸವೆದಿರಲಿಲ್ಲ, ಬೇರಿಂಗಿನಲ್ಲಿ ಆಟವಿರಲಿಲ್ಲ, ಒಳಗಿನ ಸೀಲು ಸೋರಿದರೆ ನೀರು ಜಿನುಗುವ ಒಸರುಗಂಡಿ ಒಣಗಿತ್ತು. ಹೊರಬೆಲ್ಟಿನಿಂದ ಓಡುವ, ಬೇಕಾದಾಗ ಒಂದೂವರೆ ಗಂಟೆಯಲ್ಲಿ ಬಿಚ್ಚಬಹುದಾದ ಪಂಪನ್ನು ಸುಮ್ಮನೆ ಬದಲಿಸಲು ಮನಸ್ಸು ಒಪ್ಪಲಿಲ್ಲ. ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿದ್ದರೆ ಬೇರೆ ಮಾತು.

ಹೊಸ ಥರ್ಮೋಸ್ಟಾಟನ್ನು ಪರೀಕ್ಷಿಸದೆ ನಾನು ಕೂರಿಸುವುದಿಲ್ಲ. ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸುತ್ತಾ ಯಾವ ಡಿಗ್ರಿಗೆ ತೆರೆಯುತ್ತದೆ ಎಂದು ನೋಡುವುದು ಹಳೆಯ ಪದ್ಧತಿ. ಮಡಿಕೇರಿಯಲ್ಲಿ ಇದಕ್ಕೊಂದು ತೊಡಕಿದೆ. ಈ ಥರ್ಮೋಸ್ಟಾಟ್ 88ಕ್ಕೆ ತೆರೆಯಲು ತೊಡಗಿ ನೂರರ ಹತ್ತಿರ ಪೂರ್ತಿ ತೆರೆಯಬೇಕಾದದ್ದು, ಇಲ್ಲಿಯ ನೀರಾದರೋ 96ಕ್ಕೇ ಕುದಿದು ಅಲ್ಲಿಯೇ ನಿಂತುಬಿಡುತ್ತದೆ. ಪೂರ್ತಿ ತೆರೆಯದ್ದನ್ನು ಕಂಡು ಒಳ್ಳೆಯ ಥರ್ಮೋಸ್ಟಾಟನ್ನು ಅಂಗಡಿಗೆ ಹಿಂದಿರುಗಿಸಿದ ಉದಾಹರಣೆ ನನ್ನದೇ ಇದೆ. ಈಗ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ, ಅಡುಗೆಗೆ ಮತ್ತೆಂದೂ ಬಳಸದ ಡಬ್ಬಿಯಲ್ಲಿ, ಹೊರಗಿನ ಒಲೆಯ ಮೇಲೆ ಕಾಯಿಸುತ್ತೇನೆ. ಆ ಮಿಶ್ರಣ ನೂರು ದಾಟಿದ ಮೇಲೆಯೇ ಕುದಿಯುತ್ತದೆ.

ಎಂಜಿನಿನ ಒಳಭಾಗವನ್ನೂ ಹೀಟರಿನ ಕೊಳವೆಯನ್ನೂ ಬೇರೆಬೇರೆಯಾಗಿ, ಹರಿವಿಗೆ ಎದುರು ದಿಕ್ಕಿನಿಂದ, ನೀರು ತಿಳಿಯಾಗುವವರೆಗೆ ತೊಳೆದೆ. ಹೀಟರಿನಿಂದ ಮೊದಲ ಹತ್ತು ನಿಮಿಷ ಹಳದಿ ನೀರೇ ಬಂತು. ಆಮೇಲೆ ತಯಾರಕರು ಹೇಳಿದ ಬಗೆಯ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಡನೆ ಸಮಸಮ ಬೆರೆಸಿ ತುಂಬಿದೆ. ಬೇರೆ ಬಗೆಯ ಎರಡು ಕೂಲಂಟುಗಳನ್ನು ಬೆರೆಸಿದರೆ ಕೆಲವೊಮ್ಮೆ ಅಂಟಿನಂತೆ ಹೆಪ್ಪುಗಟ್ಟುವುದುಂಟು, ಬಣ್ಣ ನೋಡಿ ಬಗೆ ನಿರ್ಧರಿಸಲೂ ಆಗದು. ಒಳಗಿನ ಗಾಳಿ ಹೊರಹೋಗಲು ಕಾರಿನ ಮೂತಿ ಮೇಲಿರಬೇಕು. ಸಮತಟ್ಟು ಜಾಗವೇ ಸಿಗದ ಮಡಿಕೇರಿಯಲ್ಲಿ ಅದಕ್ಕಾಗಿ ಜಾಕ್ ಹುಡುಕಬೇಕಾಗಿಲ್ಲ, ವರ್ಕ್‌ಶಾಪಿನ ಎದುರಿನ ರಸ್ತೆಯೇ ಸಾಕು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿದೆ. ಚೆಲ್ಲಿದ್ದನ್ನು ತಕ್ಷಣ ಒರೆಸಿಸಿದೆ. ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ತೋಟದ ಮನೆಗಳಲ್ಲಿ ನಾಯಿಗಳಿರುತ್ತವೆ ಎಂಬುದನ್ನು ಮಾಲೀಕರಿಗೂ ನೆನಪಿಸಿದೆ.

ಮರುದಿನ ಮತ್ತೆ ನಾಲ್ಕು ಜನ, ಎಸಿ ಚಾಲೂ, ಈ ಸಲ ಸಂಪಾಜೆಯವರೆಗೆ ಇಳಿದು ಪೂರ್ತಿ ಘಾಟಿ ಹತ್ತಿದೆವು. ಇಳಿಜಾರಿನಲ್ಲಿ 86ರಿಂದ 88. ಜೋಡುಪಾಲದಲ್ಲಿ 95. ಹಿಂದಿನ ಬಾರಿ ನಿಲ್ಲಿಸಿದ್ದ ಮದೆನಾಡಿನ ಮೇಲಿನ ತಿರುವಿನಲ್ಲಿ 99ರವರೆಗೆ ಏರಿದರೂ ಫ್ಯಾನ್ ಅದನ್ನು 92ಕ್ಕೆ ಇಳಿಸಿತು. ಹೀಟರ್ ಹಾಕಿ ನೋಡಿದರೆ ಮುಖಕ್ಕೆ ಸುಡುವ ಗಾಳಿ. ಒಟ್ಟು ಖರ್ಚು ಆ ಅಂದಾಜು ಪಟ್ಟಿಯ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ.

ಒಂದು ಸಂಶಯವನ್ನು ಮಾತ್ರ ಬಾಕಿ ಇಟ್ಟುಕೊಂಡಿದ್ದೆ. ಅಷ್ಟು ಬಾರಿ ಕುದಿದ ಎಂಜಿನಿನ ಅಲ್ಯುಮಿನಿಯಂ ಹೆಡ್ ಕೂದಲೆಳೆಯಷ್ಟು ಬಾಗಿದ್ದರೂ ಅದು ಕೆಲವು ತಿಂಗಳ ಮೇಲೆಯೇ ತೋರಿಸಿಕೊಳ್ಳಬಹುದು. ಬಾಟಲಿಯ ಮಟ್ಟಕ್ಕೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು, ವಾರಕ್ಕೊಮ್ಮೆ ಬೆಳಿಗ್ಗೆ ತಣ್ಣಗಿರುವಾಗ ನೋಡಿ ಬರೆದಿಡಲು ಹೇಳಿದೆ. ಮಳೆ ಹಿಡಿಯುವ ಮೊದಲು ಮೇ ಕೊನೆಯಲ್ಲಿ ಅವರು ಬಂದಾಗ, ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹದಿನಾಲ್ಕು ವಾರಗಳ ಗುರುತು ಇತ್ತು. ಮೂರು ಬಾರಿ ಮಂಗಳೂರಿಗೆ ಹೋಗಿಬಂದಿದ್ದರು. ಮಟ್ಟ ಗೆರೆಯಿಂದ ಕದಲಿರಲಿಲ್ಲ. ನೀಲಿ ದ್ರವವನ್ನು ಮತ್ತೊಮ್ಮೆ ಹಿಡಿದು ನೋಡಿದೆ. ಬಣ್ಣ ಬದಲಾಗಲಿಲ್ಲ.